ಬೀಗರು, ಷಡ್ಡಕರು ಮತ್ತು ಹನ್ನೊಂದರ ಗಣಿತ

ಕನ್ನಡ ಸಂಘದ ಪತ್ರಿಕೆಯಲ್ಲಿ ಗಣಿತವೇ ಎಂದು ಹುಬ್ಬೇರಿಸಬೇಡಿ. ಮಳೆಯ ಮೇಲೆ ನಾಲ್ಕು ಕವನ, ಊರಿನ ನೆನಪಿನ ಮೇಲೆ ಎರಡು ಪ್ರಬಂಧ, ಲೋಕಲ್ ಗಾಡಿಯ ಗರ್ದಿಯಲ್ಲಿ ಅರಳಿ ದಾದರಿನಲ್ಲಿ ಬಾಡಿದ ಪ್ರೇಮದ ಒಂದು ಕತೆ, ಇವಿಲ್ಲದೆ ನಮ್ಮ ಸಂಚಿಕೆ ಹೊರಬರುವುದಿಲ್ಲ. ಇರಲಿ, ಅವೂ ಬೇಕು. ಆದರೆ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಬಂದ ಹುಡುಗ ಹುಡುಗಿಯರು ಎಲ್ಲಿ ಮುಗ್ಗರಿಸುತ್ತಾರೆ ಎಂದು ಸಂಘದವರಾದ ನಾವು ಒಂದು ದಿನವಾದರೂ ಕೇಳಿಕೊಂಡಿದ್ದೇವೆಯೆ? ನಾನು ಕಂಡ ಮಟ್ಟಿಗೆ ಅವರು ಮುಗ್ಗರಿಸುವುದು ಕವನದಲ್ಲಲ್ಲ, ಹನ್ನೊಂದನೆಯ ತರಗತಿಯ ಗಣಿತದಲ್ಲಿ. ಅದರಲ್ಲೂ ‘ರಿಲೇಶನ್ಸ್’, ‘ಫಂಕ್ಷನ್ಸ್’ ಎಂಬ ಅಕ್ಕಪಕ್ಕದ ಎರಡು ಪಾಠಗಳಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಸಂಬಂಧಗಳು ಮತ್ತು ಉತ್ಪನ್ನಗಳು.

ಇದಕ್ಕೆ ಎರಡು ಸಬೂಬು ಸಿದ್ಧವಾಗಿವೆ. ಒಂದು, ‘ಪಾಪ, ಇಂಗ್ಲಿಷ್ ಬರೋದಿಲ್ಲ’. ಇನ್ನೊಂದು, ‘ಗಣಿತಕ್ಕೆ ಬೇರೆಯೇ ತಲೆ ಬೇಕಪ್ಪಾ’. ಎರಡನ್ನೂ ನಾನು ಒಪ್ಪುವುದಿಲ್ಲ. ಈ ಪಾಠಗಳನ್ನು ಆ ಮಕ್ಕಳಿಗೆ ಯಾರೂ ಯಾವ ಭಾಷೆಯಲ್ಲಿಯೂ ಮಾತಾಡಿ ತೋರಿಸಿಲ್ಲ ಎಂಬುದೇ ನಿಜವಾದ ಕಾರಣ. ಮಾತಾಡಿ ತೋರಿಸುವ ಕೆಲಸ ಗಣಿತ ವಿಭಾಗದ್ದು ಎಷ್ಟೋ, ಕನ್ನಡ ಸಂಘದ್ದೂ ಅಷ್ಟೇ ಎಂಬುದು ನನ್ನ ವಾದ.

ಪರಿಸ್ಥಿತಿ ಹೇಗಿದೆ ನೋಡಿ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳಿ, ನಾವೆಲ್ಲ ಬಾಲಭಾರತಿ ಎನ್ನುವುದು, ಎಂಟು ಭಾಷೆಗಳಲ್ಲಿ ಶಾಲಾ ಪುಸ್ತಕ ಅಚ್ಚು ಹಾಕುತ್ತದೆ. ಅದರಲ್ಲಿ ಕನ್ನಡವೂ ಒಂದು. ಹೀಗಾಗಿ ವಡಾಲದಲ್ಲೋ ಪಾಲಿಕೆಯ ಶಾಲೆಯಲ್ಲೋ ಓದಿದ ಕನ್ನಡದ ಹುಡುಗಿ ಗಣ, ವರ್ಗಸಮೀಕರಣ, ಸಮರೂಪ ತ್ರಿಭುಜ ಎಲ್ಲವನ್ನೂ ಕನ್ನಡದಲ್ಲೇ ಕಲಿತಿರುತ್ತಾಳೆ. ಜೂನ್ ತಿಂಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಅದೆಲ್ಲ ಒಂದೇ ರಾತ್ರಿಯಲ್ಲಿ ಪರದೇಶಿಯಾಗುತ್ತದೆ. ನಾನು ಓದಿದ ಕಾಲೇಜಿನಲ್ಲಿ ಈ ಪಾಠ ಶುರುವಾದ ದಿನ ಕಪ್ಪುಹಲಗೆಯ ಮೇಲೆ ಒಂದು ವ್ಯಾಖ್ಯೆ ಬಂತು: ಸಂಬಂಧ ಎಂದರೆ ಎರಡು ಗಣಗಳ ಗುಣಲಬ್ಧದ ಒಂದು ಉಪಗಣ. ಅದರ ಕೆಳಗೆ ರಿಫ್ಲೆಕ್ಸಿವ್, ಸಿಮೆಟ್ರಿಕ್, ಟ್ರಾನ್ಸಿಟಿವ್ ಎಂಬ ಮೂರು ಪದ. ಅದರ ಕೆಳಗೆ ಲೆಕ್ಕ ಒಂದು, ಲೆಕ್ಕ ಎರಡು. ಗಂಟೆ ಹೊಡೆಯಿತು. ‘ಸರ್, ಇದು ಯಾತಕ್ಕೆ?’ ಎಂದು ಕೇಳುವ ಧೈರ್ಯ ಎಂಬತ್ತು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ನನ್ನ ಬೆಂಚಿನ ಗೆಳೆಯ, ಹತ್ತನೆಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವನು, ದೀಪಾವಳಿ ರಜೆಯೊಳಗೆ ವಿಜ್ಞಾನ ಬಿಟ್ಟು ವಾಣಿಜ್ಯಕ್ಕೆ ಹೋದ. ವಾಣಿಜ್ಯ ಕೀಳಲ್ಲ. ಆದರೆ ಅವನು ಅದನ್ನು ಆರಿಸಿಕೊಂಡು ಹೋದದ್ದಲ್ಲ, ಓಡಿಹೋದದ್ದು.

ಈಗ ಅದೇ ಪಾಠವನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮಾತಾಡೋಣ.

‘ಸಂಬಂಧ’ ಎಂದೊಡನೆ ಕನ್ನಡದವನ ಮನಸ್ಸಿಗೆ ಮೊದಲು ಬರುವುದು ನೆಂಟಸ್ತಿಕೆ. ‘ಒಳ್ಳೆ ಸಂಬಂಧ ಬಂದಿದೆ’ ಎಂದರೆ ಮದುವೆಯ ಮಾತು. ಗಣಿತಕ್ಕೆ ಬೇಕಾದದ್ದೂ ಇಲ್ಲಿಯೇ ಇದೆ. ಇಬ್ಬರನ್ನು ತೆಗೆದುಕೊಂಡು ‘ಇವನು ಅವನಿಗೆ ಅಣ್ಣನೋ ಅಲ್ಲವೋ’ ಎಂದು ಕೇಳಿ. ಹೌದು ಎಂದಾದರೆ ಆ ಜೋಡಿಯನ್ನು ಒಂದು ಪಟ್ಟಿಗೆ ಸೇರಿಸಿ. ಅಣ್ಣನ ಹೆಸರು ಮೊದಲು, ತಮ್ಮನದು ಆಮೇಲೆ. ಹೆಸರು ತಿರುಗಿಸಿ ಬರೆದರೆ ಸುಳ್ಳಾಗುತ್ತದೆ. ಊರಿನ ಎಲ್ಲ ಅಣ್ಣತಮ್ಮಂದಿರ ಜೋಡಿಗಳ ಪಟ್ಟಿ ಮುಗಿದಾಗ ನಿಮ್ಮ ಕೈಯಲ್ಲಿರುವುದೇ ‘ಅಣ್ಣ’ ಎಂಬ ಸಂಬಂಧ. ಹಲಗೆಯ ಮೇಲಿದ್ದ ‘ಉಪಗಣ’ ಅಂದರೆ ಇಷ್ಟೇ: ಆಗಬಹುದಾದ ಎಲ್ಲ ಜೋಡಿಗಳಲ್ಲಿ, ಆದ ಜೋಡಿಗಳ ಪಟ್ಟಿ.

ಇನ್ನು ಆ ಮೂರು ಪದಗಳು. ಬೀಗರನ್ನು ನೋಡಿ. ನಾನು ನಿಮಗೆ ಬೀಗನಾದರೆ ನೀವು ನನಗೆ ಬೀಗರು. ಎರಡೂ ಕಡೆಯಿಂದ ಒಂದೇ ಹೆಸರು. ಸಿಮೆಟ್ರಿಕ್ ಅಂದರೆ ಅದು. ‘ಅಣ್ಣ’ ಹಾಗಲ್ಲ, ನಾನು ನಿನಗೆ ಅಣ್ಣನಾದರೆ ನೀನು ನನಗೆ ಅಣ್ಣನಾಗಲಾರೆ. ಆದರೆ ಅಣ್ಣನಿಗೆ ಇನ್ನೊಂದು ಗುಣವಿದೆ. ನನ್ನ ಅಣ್ಣನ ಅಣ್ಣ ನನಗೂ ಅಣ್ಣನೇ. ಕೈಯಿಂದ ಕೈಗೆ ದಾಟಿ ಹೋಗುವ ಈ ಗುಣವೇ ಟ್ರಾನ್ಸಿಟಿವ್. ಬೀಗತನಕ್ಕೆ ಇದು ಇಲ್ಲ. ನನ್ನ ಮಗನಿಗೆ ನಿಮ್ಮ ಮಗಳನ್ನು ತಂದೆ. ನಿಮ್ಮ ಮಗನಿಗೆ ನೀವು ಇನ್ನೊಂದು ಮನೆಯ ಹೆಣ್ಣು ತಂದಿರಿ. ಆ ಮನೆಯವರು ನನಗೆ ಬೀಗರಾಗುವುದಿಲ್ಲ. ಮದುವೆಯ ಊಟದಲ್ಲಿ ಪಕ್ಕದಲ್ಲಿ ಕೂತಾರು, ಅಷ್ಟೆ.

ಷಡ್ಡಕರ ವಿಷಯ ಇನ್ನೂ ಸ್ವಾರಸ್ಯ. ಅಕ್ಕತಂಗಿಯರನ್ನು ಮದುವೆಯಾದ ಗಂಡಂದಿರು ಪರಸ್ಪರ ಷಡ್ಡಕರು. ಇದು ಸಿಮೆಟ್ರಿಕ್ ಎಂಬುದು ಸ್ಪಷ್ಟ. ಟ್ರಾನ್ಸಿಟಿವ್ ಕೂಡ ಹೌದಲ್ಲವೆ? ಷಡ್ಡಕನ ಷಡ್ಡಕ ನನಗೆ ಷಡ್ಡಕ. ಹೌದೆಂದು ತಲೆಯಾಡಿಸುವ ಮೊದಲು ಸ್ವಲ್ಪ ತಡೆಯಿರಿ. ನಾನು ನಿಮಗೆ ಷಡ್ಡಕ, ನೀವು ನನಗೆ ಷಡ್ಡಕ. ನನ್ನ ಷಡ್ಡಕರಾದ ನಿಮ್ಮ ಷಡ್ಡಕ ಯಾರು? ನಾನೇ! ನಿಯಮ ಚಾಚೂ ತಪ್ಪದೆ ನಡೆಯಬೇಕಾದರೆ ನಾನು ನನಗೇ ಷಡ್ಡಕನಾಗಬೇಕು. ಅಂಥ ಗಂಡಸು ಮುಂಬಯಿಯಲ್ಲಿಲ್ಲ, ಊರಿನಲ್ಲಿಯೂ ಇಲ್ಲ. ಆದ್ದರಿಂದ ಷಡ್ಡಕತನ ಕೂದಲೆಳೆಯಷ್ಟರಲ್ಲಿ ಟ್ರಾನ್ಸಿಟಿವ್ ಆಗದೆ ಉಳಿಯಿತು. ಇದನ್ನು ಸರಿಪಡಿಸುವ ದಾರಿಯೂ ನಮ್ಮ ಮಾತಿನಲ್ಲೇ ಇದೆ. ‘ಷಡ್ಡಕ’ ಎನ್ನುವ ಬದಲು ‘ಒಂದೇ ಮನೆಯ ಅಳಿಯಂದಿರು’ ಎನ್ನಿ. ಮದುವೆಯಾದ ಗಂಡಸರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಒಬ್ಬನಿಗೆ ಒಬ್ಬಳೇ ಹೆಂಡತಿ ಎಂಬ ಕಾನೂನಿನೊಳಗೆ, ನಾನು ನನ್ನ ಜೊತೆಗೇ ಒಂದೇ ಮನೆಯ ಅಳಿಯ. ಇದು ರಿಫ್ಲೆಕ್ಸಿವ್. ಎರಡೂ ಕಡೆಯಿಂದ ಒಂದೇ. ದಾಟಿಯೂ ಹೋಗುತ್ತದೆ. ಮೂರೂ ಗುಣ ಕೂಡಿದವು. ಇಕ್ವಿವಲೆನ್ಸ್, ಅಂದರೆ ಸಮಾನತಾ ಸಂಬಂಧ ಎಂದು ಪುಸ್ತಕ ಕರೆಯುವುದು ಇದನ್ನೇ. ಹತ್ತನೆಯಲ್ಲಿ ಓದಿದ ತ್ರಿಭುಜಗಳ ಸಮರೂಪತೆಯೂ ಇದೇ ಜಾತಿಯದು. ಹುಡುಗಿಗೆ ಅದು ಗೊತ್ತಿತ್ತು, ಕನ್ನಡದಲ್ಲೇ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಹೀಗೆ ಮೂರು ಗುಣ ಕೂಡಿದಾಗ ಆಗುವ ದೊಡ್ಡ ಲಾಭವೆಂದರೆ ಜನರೆಲ್ಲ ಚೊಕ್ಕವಾಗಿ ಗುಂಪುಗಳಾಗಿ ಒಡೆಯುತ್ತಾರೆ. ಯಾರೂ ಎರಡು ಗುಂಪಿನಲ್ಲಿಲ್ಲ, ಯಾರೂ ಹೊರಗುಳಿಯುವುದಿಲ್ಲ. ‘ಒಂದೇ ಊರಿನಲ್ಲಿ ಹುಟ್ಟಿದವರು’ ಎಂದರೆ ಮುಂಬಯಿಯ ಕನ್ನಡಿಗರು ಹೀಗೆ ಭಾಗವಾಗುತ್ತಾರೆ. ‘ಪಕ್ಕದೂರಿನವರು’ ಎಂದರೆ ಆಗುವುದಿಲ್ಲ. ಪಕ್ಕದೂರಿನ ಪಕ್ಕದೂರು ಹಿಡಿದು ನಡೆದರೆ ಕಾರವಾರದಿಂದ ಕಾಸರಗೋಡು ಮುಟ್ಟಬಹುದು.

ಭಾಷೆಯ ಮಾತು ಬಂದರೆ ಇದು ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ‘ಇವರಿಬ್ಬರಿಗೂ ಬರುವ ಒಂದು ಭಾಷೆ ಇದೆ’ ಎಂಬ ಸಂಬಂಧವನ್ನು ನಮ್ಮ ಚಾಳಿಗೆ ಹಚ್ಚಿ ನೋಡಿ. ಊರಿನಿಂದ ಬಂದ ನನ್ನ ಅಜ್ಜಿಗೆ ತುಳು, ಕನ್ನಡ ಬರುತ್ತದೆ. ಪಕ್ಕದ ಖೋಲಿಯ ಸೊಲ್ಲಾಪುರದ ಕಡೆಯ ಬಾಯಿಗೆ ಕನ್ನಡ, ಮರಾಠಿ. ಮೇಲಿನ ಮಾಳಿಗೆಯ ಅಜ್ಜಿಗೆ ಮರಾಠಿ ಮಾತ್ರ. ಮೊದಲಿನಿಬ್ಬರು ಹರಟುತ್ತಾರೆ, ಕೊನೆಯಿಬ್ಬರು ಹರಟುತ್ತಾರೆ. ನನ್ನ ಅಜ್ಜಿ ಮತ್ತು ಮಾಳಿಗೆಯ ಅಜ್ಜಿ ನಗುತ್ತಾರೆ, ಅಷ್ಟೆ. ಈ ಸಂಬಂಧ ದಾಟಿ ಹೋಗುವುದಿಲ್ಲ. ಹಾಗಾಗಿ ಭಾಷೆಯ ಗೆರೆ ಎಳೆದು ಈ ಊರಿನ ಜನರನ್ನು ಚೊಕ್ಕವಾಗಿ ಡಬ್ಬಿಗಳಲ್ಲಿ ತುಂಬಲು ಸಾಧ್ಯವಿಲ್ಲ. ನಡುವೆ ಸೊಲ್ಲಾಪುರದ ಬಾಯಿ ಇದ್ದೇ ಇರುತ್ತಾಳೆ, ಎರಡು ಕಡೆಯೂ ಸಲ್ಲುವವಳು. ಭಾಷೆಗೊಂದು ಡಬ್ಬಿ ಎಂದು ಭಾಷಣ ಮಾಡುವವರು ಟ್ರಾನ್ಸಿಟಿವ್ ಎಂಬ ಪದವನ್ನು ಸರಿಯಾಗಿ ಓದಿದ್ದರೆ ಅರ್ಧ ಭಾಷಣ ನಿಲ್ಲುತ್ತಿತ್ತು. ಗಾಡಿಗೂ ಇದೇ ನ್ಯಾಯ. ಮುಲುಂಡಿನಿಂದ ದಾದರಿಗೆ ನೇರ ಲೋಕಲ್ ಇದೆ, ದಾದರಿನಿಂದ ಬೊರಿವಲಿಗೆ ನೇರ ಲೋಕಲ್ ಇದೆ. ಮುಲುಂಡಿನಿಂದ ಬೊರಿವಲಿಗೆ ಇಲ್ಲ. ನಡುವೆ ಇಳಿದು ಸೇತುವೆ ಹತ್ತಲೇಬೇಕು.

ಸೇತುವೆ ಹತ್ತಿದ್ದೇವೆ, ದಾದರಿನಲ್ಲೇ ನಿಂತು ಎರಡನೆಯ ಪಾಠಕ್ಕೆ ಹೋಗೋಣ: ಫಂಕ್ಷನ್. ನಮ್ಮ ಮುಂಬಯಿ ಕನ್ನಡದಲ್ಲಿ ಫಂಕ್ಷನ್ ಎಂದರೆ ಮುಂಜಿಯೋ ಗೃಹಪ್ರವೇಶವೋ. ಪುಸ್ತಕದ ಕನ್ನಡದಲ್ಲಿ ಅದು ‘ಉತ್ಪನ್ನ’. ಕೇಳಿದೊಡನೆ ಸಾಬೂನು ಕಾರ್ಖಾನೆ ನೆನಪಾಗುತ್ತದೆ. ‘ಫಲನ’ ಎನ್ನುವವರೂ ಇದ್ದಾರೆ. ಯಾವ ಪದ ಹಿಡಿದರೂ ಒಳಗಿನ ಮಾತು ಒಂದೇ: ಒಂದು ಕೊಟ್ಟರೆ ಉತ್ತರ ಒಂದೇ ಬರಬೇಕು, ಬಂದೇ ಬರಬೇಕು. ಮಗುವಿನಿಂದ ಹೆತ್ತ ತಂದೆಗೆ ಹೋದರೆ ಅದು ಫಂಕ್ಷನ್. ಪ್ರತಿ ಮಗುವಿಗೂ ತಂದೆ ಉಂಟು, ಒಬ್ಬನೇ ಉಂಟು. ನಾಲ್ಕು ಮಕ್ಕಳಿಗೆ ಒಬ್ಬನೇ ತಂದೆಯಾದರೂ ಅಡ್ಡಿಯಿಲ್ಲ. ತಂದೆಯಿಂದ ಮಗುವಿಗೆ ಹೋದರೆ ಫಂಕ್ಷನ್ ಅಲ್ಲ; ‘ನಿನ್ನ ಮಗು ಯಾವುದು’ ಎಂದರೆ ಅವನು ನಾಲ್ಕು ಕಡೆ ಬೆರಳು ತೋರಿಸಬಹುದು.

ದಾದರಿನಲ್ಲಿ ನಿಂತವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವೆಸ್ಟರ್ನ್ ಮತ್ತು ಸೆಂಟ್ರಲ್ ಎರಡೂ ರೈಲ್ವೆಗಳು ಅಲ್ಲಿ ತಮ್ಮ ತಮ್ಮ ಪ್ಲಾಟ್‌ಫಾರ್ಮುಗಳನ್ನು ಬೇರೆ ಬೇರೆಯಾಗಿ ಒಂದರಿಂದ ಎಣಿಸುತ್ತಿದ್ದವು. ‘ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರ್ತೇನೆ’ ಎಂದು ಹೇಳಿದ ಗೆಳೆಯ ಅಲ್ಲಿ ನಿಂತಿರುತ್ತಿದ್ದ, ನೀವು ಇಲ್ಲಿ ನಿಂತಿರುತ್ತಿದ್ದಿರಿ, ಇಬ್ಬರೂ ಸತ್ಯವಂತರೇ. ಪ್ರತಿ ಪ್ಲಾಟ್‌ಫಾರ್ಮಿಗೆ ಒಂದೇ ಸಂಖ್ಯೆ ಇತ್ತು. ಹಾಗಾಗಿ ಪ್ಲಾಟ್‌ಫಾರ್ಮಿನಿಂದ ಸಂಖ್ಯೆಗೆ ಹೋಗುವುದು ಫಂಕ್ಷನ್ ಆಗಿತ್ತು. ಸಂಖ್ಯೆಯಿಂದ ಪ್ಲಾಟ್‌ಫಾರ್ಮಿಗೆ ಹೋಗುವುದು ಆಗಿರಲಿಲ್ಲ. ‘1’ ಎಂದರೆ ಎರಡು ಜಾಗ. 2023ರ ಡಿಸೆಂಬರ್ 9ರಂದು ಸೆಂಟ್ರಲ್ ಕಡೆಯವುಗಳಿಗೆ 8ರಿಂದ 14ರವರೆಗೆ ಹೊಸ ಸಂಖ್ಯೆ ಕೊಟ್ಟರು. ಅಂದಿನಿಂದ ಎರಡು ದಿಕ್ಕಿನಲ್ಲೂ ಫಂಕ್ಷನ್. ಒಂದಕ್ಕೊಂದು ಹೊಂದಾಣಿಕೆ, ವಿಲೋಮ ಎಂದೆಲ್ಲ ಪುಸ್ತಕ ಎರಡು ಪುಟ ಹೇಳುವುದನ್ನು ರೈಲ್ವೆಯವರು ಬಣ್ಣದ ಡಬ್ಬಿ ಹಿಡಿದು ಮಾಡಿ ತೋರಿಸಿದ್ದಾರೆ. ಈ ಊರಿನ ಗಣಿತ ತರಗತಿಯಲ್ಲಿ ಈ ಮಾತು ಬರಬೇಡವೆ?

ಇಲ್ಲಿ ಇನ್ನೊಂದು ತೊಡಕು ಬಿಡಿಸಬೇಕು. ಫಂಕ್ಷನ್ ಎಂದರೆ ಸೂತ್ರ ಎಂದು ನಮ್ಮಲ್ಲಿ ಬಹುಮಂದಿ ಡಿಗ್ರಿ ಮುಗಿಯುವವರೆಗೂ ನಂಬಿರುತ್ತಾರೆ. ವೈ ಈಕ್ವಲ್ಸ್ ಎಂದು ಶುರುವಾಗದಿದ್ದರೆ ಅದು ಫಂಕ್ಷನ್ನೇ ಅಲ್ಲ ಎಂಬ ಭಾವನೆ. ದಾದರಿನ ಹಲಗೆಗಳಿಗೆ ಯಾವ ಸೂತ್ರವಿದೆ? ಟಿಕೇಟಿನ ದರಪಟ್ಟಿಗೆ ಯಾವ ಸೂತ್ರವಿದೆ? ದೂರ ಏರಿದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ಆದರೂ ಪ್ರತಿ ನಿಲ್ದಾಣಕ್ಕೆ ದರ ಒಂದೇ. ಅಷ್ಟು ಸಾಕು. ಈ ಭ್ರಮೆ ನಮ್ಮದು ಮಾತ್ರವಲ್ಲ ಎಂಬುದು ಸಮಾಧಾನದ ಮಾತು. ಫಂಕ್ಷನ್ ಎಂಬ ಪದವನ್ನು ಗಣಿತಕ್ಕೆ ತಂದವನು ಹದಿನೇಳನೆಯ ಶತಮಾನದ ಲೈಬ್ನಿಟ್ಸ್. 1748ರಲ್ಲಿ ಆಯ್ಲರ್‌ನಂಥ ಮಹಾಗಣಿತಜ್ಞನೇ ತನ್ನ ಗ್ರಂಥದಲ್ಲಿ, ಫಂಕ್ಷನ್ ಎಂದರೆ ಅಕ್ಷರ ಮತ್ತು ಸಂಖ್ಯೆಗಳಿಂದ ಕಟ್ಟಿದ ಒಂದು ಬೀಜೋಕ್ತಿ ಎಂಬಂತೆ ಬರೆದ. ಆಮೇಲೆ ತಂತಿಯ ಕಂಪನದ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಜಗಳವಾಯಿತು. ತಂಬೂರಿಯ ತಂತಿಯನ್ನು ನಡುವೆ ಬೆರಳಿನಿಂದ ಎಳೆದು ಹಿಡಿದರೆ ಮೂಲೆಯಿರುವ ಆಕಾರ ಬರುತ್ತದೆ, ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ. ಇದಕ್ಕೆ ಒಂದೇ ಸೂತ್ರ ಎಲ್ಲಿದೆ, ಇದನ್ನು ಫಂಕ್ಷನ್ ಎನ್ನಬಹುದೆ? ಆಯ್ಲರ್ ತಾನೇ ವ್ಯಾಖ್ಯೆಯನ್ನು ಸಡಿಲಿಸಬೇಕಾಯಿತು. ‘ಸೂತ್ರವಿರಲಿ ಬಿಡಲಿ, ಒಂದಕ್ಕೆ ಒಂದೇ ಉತ್ತರವಿದ್ದರೆ ಸಾಕು’ ಎಂಬ ಅರ್ಥದ ಮಾತನ್ನು ಡಿರಿಕ್ಲೆ ಸ್ಪಷ್ಟವಾಗಿ ಹೇಳಿದ್ದು 1837ರಲ್ಲಿ. ನಡುವೆ 89 ವರ್ಷ! ಯುರೋಪಿನ ಘಟಾನುಘಟಿಗಳಿಗೆ ಎಂಬತ್ತೊಂಬತ್ತು ವರ್ಷ ಹಿಡಿದದ್ದನ್ನು ಹದಿನಾರು ವರ್ಷದ ಮಗುವಿಗೆ ನಾವು ನಲವತ್ತು ನಿಮಿಷದಲ್ಲಿ, ಅದೂ ನಿನ್ನೆ ಮೊನ್ನೆ ಕೈಗೆ ಸಿಕ್ಕ ಭಾಷೆಯಲ್ಲಿ ಬಡಿಸಿ, ‘ತಲೆ ಸಾಲದು’ ಎನ್ನುತ್ತೇವೆ.

ಹಾಗಾದರೆ ಗಣ, ಸಂಬಂಧ ಇವನ್ನೆಲ್ಲ ಪಠ್ಯದಿಂದ ಕಿತ್ತುಹಾಕೋಣ ಎನ್ನುವವರೂ ಇದ್ದಾರೆ. 1957ರಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ಗಾಬರಿಬಿದ್ದು ‘ಹೊಸ ಗಣಿತ’ವನ್ನು ಚಿಕ್ಕಮಕ್ಕಳ ಶಾಲೆಗೂ ನುಗ್ಗಿಸಿತು, 1973ರ ಹೊತ್ತಿಗೆ ಮಾರಿಸ್ ಕ್ಲೈನ್ ಎಂಬ ಗಣಿತಜ್ಞ ಅದನ್ನು ಟೀಕಿಸಿ ಒಂದು ಪುಸ್ತಕವನ್ನೇ ಬರೆದ. ಅವನ ಸಿಟ್ಟಿನಲ್ಲಿ ನ್ಯಾಯವಿದೆ: ಅಗತ್ಯ ಕಾಣುವ ಮೊದಲೇ ವ್ಯಾಖ್ಯೆ ಬಂದು ಕೂತರೆ ಮಗು ಉರು ಹೊಡೆಯುತ್ತದೆ. ಆದರೆ ಪಾಠವನ್ನೇ ತೆಗೆದುಹಾಕುವುದು ನೆಗಡಿಗೆ ಮೂಗು ಕೊಯ್ದಂತೆ. ನಾನು ಹೇಳುವುದು ಸರದಿ ಬದಲಾಯಿಸಿ ಎಂದು. ಮೊದಲು ಬೀಗರು, ಷಡ್ಡಕರು, ದಾದರು, ವ್ಯಾಖ್ಯೆ ಕೊನೆಗೆ. ಆಗ ವ್ಯಾಖ್ಯೆ ಗುರುತಿನ ಮುಖದ ಹಾಗೆ ಬರುತ್ತದೆ.

ಎರಡು ಆಕ್ಷೇಪಣೆಗಳು ನನಗೆ ಈಗಲೇ ಕೇಳಿಸುತ್ತಿವೆ. ಒಂದು: ‘ಪರೀಕ್ಷೆ ಇಂಗ್ಲಿಷಿನಲ್ಲಿ, ನಿನ್ನ ಕನ್ನಡ ಕಟ್ಟಿಕೊಂಡು ಏನು ಮಾಡೋದು?’ ಬರೆಯುವುದು ಇಂಗ್ಲಿಷಿನಲ್ಲೇ ಇರಲಿ ಸ್ವಾಮಿ, ಯಾರು ಬೇಡವೆಂದರು? ಆದರೆ ಬರೆಯುವ ಮೊದಲು ಅರ್ಥವಾಗಬೇಕು. ಅರ್ಥವಾಗುವುದು ನಾವು ಜಗಳವಾಡುವ ಭಾಷೆಯಲ್ಲಿ. ಷಡ್ಡಕನ ತಂಟೆಯನ್ನು ಕನ್ನಡದಲ್ಲಿ ಜಗಳವಾಡಿ ಬಿಡಿಸಿದವಳು ಅದನ್ನು ಇಂಗ್ಲಿಷಿನ ಮೂರು ಸಾಲಿನಲ್ಲಿ ಬರೆಯಬಲ್ಲಳು. ಮೂರು ಸಾಲನ್ನು ಉರು ಹೊಡೆದವಳು ಪ್ರಶ್ನೆ ಸ್ವಲ್ಪ ತಿರುಗಿದರೆ ನಿಂತಲ್ಲೇ ನಿಲ್ಲುತ್ತಾಳೆ.

ಎರಡನೆಯದು ನಮ್ಮವರದೇ ಆಕ್ಷೇಪಣೆ: ‘ಕನ್ನಡದ ಪಾರಿಭಾಷಿಕ ಪದಗಳು ಇಂಗ್ಲಿಷಿಗಿಂತ ಕಠಿಣ.’ ಒಪ್ಪಿದೆ. ‘ಸಮಮಿತೀಯ’ ಎನ್ನುವಾಗ ನನ್ನ ನಾಲಿಗೆಯೂ ತೊಡರುತ್ತದೆ. ಈ ಲೇಖನದಲ್ಲಿ ನಾನು ಸಿಮೆಟ್ರಿಕ್ ಎಂದೇ ಬರೆದಿದ್ದೇನೆ, ಕನ್ನಡಕ್ಕೆ ಏನೂ ಆಗಿಲ್ಲ. ಪದ ಎಲ್ಲಿಂದಲಾದರೂ ಬರಲಿ, ವಾಕ್ಯ ನಮ್ಮದಾಗಿರಬೇಕು. ಐವತ್ತು ವರ್ಷ ಪದಕೋಶ ಕಟ್ಟಿ ವಾಕ್ಯ ಕಟ್ಟದೆ ಕೂತರೆ ಭಾಷೆ ಬೆಳೆಯುವುದಿಲ್ಲ. ‘ನನ್ನ ಅಣ್ಣನ ಅಣ್ಣ ನನಗೂ ಅಣ್ಣ’ ಎಂಬುದರಲ್ಲಿ ಒಂದೂ ಪಾರಿಭಾಷಿಕ ಪದವಿಲ್ಲ, ಆದರೂ ಅದು ಗಣಿತದ ವಾಕ್ಯ.

ಕನ್ನಡಕ್ಕೆ ಇದು ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದದ್ದು ಕನ್ನಡದಲ್ಲಿ. ಅವನ ಹೆಸರು ಗಣಿತದ ಚರಿತ್ರೆಯಲ್ಲೂ ಉಂಟು, ಕನ್ನಡ ಕವಿಗಳ ಚರಿತ್ರೆಯಲ್ಲೂ ಉಂಟು. ಇನ್ನು ಮುಂಬಯಿಯ ಕನ್ನಡ ಸಾಹಿತ್ಯವನ್ನೇ ತೆಗೆದುಕೊಳ್ಳಿ. ಯಶವಂತ ಚಿತ್ತಾಲರು ಓದಿದ್ದು ರಸಾಯನ ತಂತ್ರಜ್ಞಾನ, ದುಡಿದದ್ದು ಪ್ಲಾಸ್ಟಿಕ್ ಉದ್ಯಮದಲ್ಲಿ. ಜಯಂತ ಕಾಯ್ಕಿಣಿಯವರು ಓದಿದ್ದು ಜೀವರಸಾಯನ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮುಂಬಯಿ ಕನ್ನಡ ಪ್ರಯೋಗಶಾಲೆಯ ವಾಸನೆ ಬಲ್ಲ ಕನ್ನಡ. ವಿಜ್ಞಾನದ ಹುಡುಗರು ಕನ್ನಡ ಸಂಘದ ಬಾಗಿಲಿಗೆ ಬರುವುದಿಲ್ಲ ಎಂದು ನಾವು ಗೊಣಗುತ್ತೇವೆ. ಬಂದರೆ ಅವರಿಗೆ ಕೊಡಲು ನಮ್ಮ ಬಳಿ ಕವನವಾಚನ ಬಿಟ್ಟು ಏನಿದೆ?

ಅದಕ್ಕೇ ನನ್ನ ಸಲಹೆ ಸಣ್ಣದು, ಖರ್ಚಿಲ್ಲದ್ದು. ಶನಿವಾರ ಕಾಲೇಜು ಬಿಟ್ಟ ಮೇಲೆ ಒಂದು ತಾಸು, ಹನ್ನೊಂದನೆಯ ತರಗತಿಯ ಕನ್ನಡದ ಮಕ್ಕಳನ್ನು ಕೂರಿಸಿಕೊಂಡು ಒಂದು ಪಾಠ ಮಾತಾಡೋಣ. ಟ್ಯೂಷನ್ ಬೇಡ, ಮಾತು ಸಾಕು. ಅಲ್ಲಿ ಆದ ಜಗಳವನ್ನು ಯಾರಾದರೂ ಬರೆದು ಈ ಪತ್ರಿಕೆಗೆ ಕೊಡಲಿ. ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೆ ಮೀಸಲಿಟ್ಟರೆ ಒಂದು ಕವನ ಕಡಿಮೆಯಾದೀತು. ಕವಿಮಿತ್ರರು ಕ್ಷಮಿಸಬೇಕು, ಬೇಕಿದ್ದರೆ ನನ್ನದನ್ನೇ ಮೊದಲು ಕೈಬಿಡಲಿ.

ಮೊದಲ ಕಂತಿಗೆ ಪ್ರಶ್ನೆಯನ್ನೂ ನಾನೇ ಕೊಡುತ್ತೇನೆ. ಅಣ್ಣತಮ್ಮಂದಿರ ಹೆಂಡತಿಯರು ಪರಸ್ಪರ ಓರಗಿತ್ತಿಯರು. ಈ ಓರಗಿತ್ತಿತನಕ್ಕೆ ಆ ಮೂರು ಗುಣಗಳಲ್ಲಿ ಯಾವುದುಂಟು, ಯಾವುದಿಲ್ಲ? ಇಲ್ಲದ್ದನ್ನು ಸರಿಪಡಿಸಲು ಯಾವ ಮಾತು ಹೇಳಬೇಕು? ಉತ್ತರವನ್ನು ನಾಲ್ಕು ವಾಕ್ಯದಲ್ಲಿ ಬರೆದು ಸಂಪಾದಕರ ಕೈಗೆ ಕೊಡಿ. ಚಿಹ್ನೆ ಬೇಡ, ಬಾಣದ ಗುರುತು ಬೇಡ. ಕನ್ನಡದಲ್ಲಿ, ನೀವು ಮನೆಯಲ್ಲಿ ಆಡುವ ಹಾಗೆ.